ಕೆಳಗೆ ಹಾರುವವಳು

ಮುನೀಬ್,

ನೀನು ಬ್ಲಾಕ್ ಮಾಡಿದ ಮೇಲೆ ಇದು ನಿನಗೆ ತಲುಪುವುದಿಲ್ಲ, ಗೊತ್ತು. ಆದರೂ ಹೇಳುತ್ತೇನೆ: ಇವತ್ತು ಮಧ್ಯಾಹ್ನ ನಮ್ಮ ಆನ್‌ಲೈನ್ ಆಟದಲ್ಲಿ ನನ್ನ ಯುದ್ಧವಿಮಾನ ಬಿತ್ತು.

ನೀನು ಕಲಿಸಿದ ಪಾಠ ಒಂದೇ. ಎತ್ತರದಿಂದ ಎರಗು, ಹೊಡೆ, ತಿರುಗಿ ನೋಡದೆ ಮೇಲೇರು. ತಗ್ಗಿನಲ್ಲಿ ಸುತ್ತುತ್ತ ಕಾದಾಡುವ ನನ್ನನ್ನು ಕಂಡರೆ, "ಸಾಹಿತ್ಯ ಓದಿದೋರು ಹೀಗೇ, ಸೋಲೋದ್ರಲ್ಲೇ ಖುಷಿ," ಎನ್ನುತ್ತಿದ್ದೆ. ಲಾಕ್‌ಡೌನ್ ಪೂರ್ತಿ, ಈ ಡಚ್ ನಾಡಿನಲ್ಲಿ, ನೀನು ಜೂಟರ್‌ಮೀರ್‌ನಿಂದ, ನಾನು ಆಮ್ಸ್ಟೆಲ್‌ವೀನ್‌ನ ಅಕ್ಕನ ಮನೆಯಿಂದ ಜೊತೆಯಾಗಿ ಹಾರಿದೆವು. ನಾನು ಮೈಕ್ ಆನ್ ಮಾಡುತ್ತಿರಲಿಲ್ಲ. ನನ್ನ ಮಾತನ್ನೂ ನೀನೇ ಆಡುತ್ತಿದ್ದೆ. ಕೊನೆಗೆ ನನ್ನ ಮೇಲೂ ಹಾಗೆಯೇ ಎರಗಿದೆ: ನಮ್ಮಿಬ್ಬರದು ಮುಗಿಯಿತು ಎಂದು ಒಂದು ಮೆಸೇಜ್, ಆಮೇಲೆ ನೀನಿಲ್ಲ.

ಇವತ್ತು ನಮ್ಮ ತಂಡದ ಹಿತಾಳ ಇಂಜಿನ್ ಹೊಗೆ ಕಾರುತ್ತಿತ್ತು, ಬೆನ್ನಿಗೆ ಇಬ್ಬರು ಶತ್ರುಗಳು. ನಿನ್ನ ಶಿಷ್ಯ ಚೇತನ್ ಆಗಲೇ ಮೇಲೇರಿದ್ದ.

"ಅವಳನ್ನ ಬಿಟ್ಬಿಡು, ಮೇಲೆ ಬಾ."

ಮೊದಲ ಸಲ ಮೈಕ್ ಆನ್ ಮಾಡಿದೆ. "ಬರಲ್ಲ."

"ಅಯ್ಯೋ, ಕೈನಾತ್‌ಗೆ ಬಾಯಿದೆ!" ಹಿತಾ ನಕ್ಕಳು. "ಹೋಗೇ ಮಾರಾಯ್ತಿ, ನೀನೂ ಸಾಯ್ತೀಯ."

ಹೋಗಲಿಲ್ಲ. ಮರಗಳ ನೆತ್ತಿ ಸವರುತ್ತ ಸುತ್ತಿ ಸುತ್ತಿ ಇಬ್ಬರನ್ನೂ ನನ್ನ ಬೆನ್ನಿಗೆ ಎಳೆದುಕೊಂಡೆ. ಹಿತಾ ರನ್‌ವೇ ಮುಟ್ಟುವವರೆಗೂ ನನ್ನ ರೆಕ್ಕೆ ಉಳಿದಿತ್ತು, ಆಮೇಲೆ ಮುರಿಯಿತು. ಸೋತೆ, ಸರಿ. ನಾಳೆಯೂ ಹೀಗೆಯೇ ಆಡುತ್ತೇನೆ.

ತಂಡದಲ್ಲಿ ನಿನ್ನ ಜಾಗಕ್ಕೆ ಬೇರೆಯವರನ್ನು ಸೇರಿಸಲೇ ಎಂದು ಚೇತನ್ ಕೇಳಿದ. ಬೇಡ ಎಂದೆ, ಮೈಕಿನಲ್ಲೇ.

ಬರುವುದಾದರೆ ಕೆಳಗೆ ಬಾ. ನಾನು ಮೇಲೆ ಬರುವುದಿಲ್ಲ.

ಕೈನಾತ್