ಲ್ಯಾನಿಗೆ ಬೇಕಿದ್ದ ಕಂಬ

ಮೊಂಟಾನಾ, ಶನಿವಾರ

ತಂಗಿ ವರ್ನಾ,

ಈ ಫುಟ್‌ಬಾಲ್ ಸೀಸನ್ನಿಗೆ ತಗುಲಿದ ಒಟ್ಟು ವೆಚ್ಚ: ಹನ್ನೆರಡು ಶನಿವಾರ, ಟ್ರಕ್ಕಿನ ಎರಡು ಟೈರು, ನನ್ನ ಗಂಟಲು. ಇವತ್ತು ಕೊನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ನಮ್ಮ ಅಲಬಾಮಾ ಹುಡುಗರು ಚೆಂಡನ್ನು ಗೆರೆ ದಾಟಿಸಿ ಆರು ಅಂಕ ಗಿಟ್ಟಿಸಿದರು. ಗೆದ್ದೇಬಿಟ್ಟೆವೆಂದು ನೋಡಲು ಬಂದಿದ್ದ ನಾವು ಇನ್ನೂರು ಜನ ಹಿಮದ ಮೈದಾನಕ್ಕೆ ನುಗ್ಗಿ, ಗೆದ್ದಾಗಿನ ವಾಡಿಕೆಯಂತೆ ಗೋಲಿನ ಕಂಬ ಕೀಳಲು ಜೋತುಬಿದ್ದೆವು. ಎಲ್ಲರಿಗಿಂತ ಮೇಲೆ ನಾನು. ಕೆಳಗಿನಿಂದ ನಿನ್ನ ಮಗ ಲ್ಯಾನಿ ಕಿರುಚಿದ:

“ಮಾವ, ಇಳೀರಿ! ಸ್ಕೋರು ಸಮ ಆಗಿದೆ ಅಷ್ಟೆ. ಇನ್ನೊಂದು ಅಂಕಕ್ಕೆ ನಾನಿನ್ನೂ ಕಂಬದ ನಡುವೆ ಚೆಂಡು ಒದೀಬೇಕು, ಆ ಕಂಬ ನಂಗೆ ಬೇಕು!”

“ಅದನ್ನ ಮೊದ್ಲೇ ಹೇಳೋದಲ್ವೇನೋ!” ಎಂದು ಜಾರಿ ಇಳಿದೆ.

ನಮ್ಮ ತಪ್ಪಿಗೆ ದಂಡವಾಗಿ ಅವನ ಒದೆತವನ್ನು ಹದಿನೈದು ಗಜ ಹಿಂದಕ್ಕೆ ತಳ್ಳಿದರು. ಈ ಸಲ ಗುರಿ ತಪ್ಪಿದರೆ ಸ್ಕಾಲರ್‌ಶಿಪ್ ಇನ್ನೊಬ್ಬನಿಗೆ ಎಂದು ಕೋಚ್ ಮೊದಲೇ ಹೇಳಿದ್ದರು. ನಾನು ವಾಲಿಸಿದ ಕಂಬಗಳ ನಡುವೆಯೇ ಚೆಂಡು ತೂರಿಹೋಯಿತು.

ಮೊಣಕಾಲು ಊದಿದೆ, ಗಾಬರಿ ಬೇಡ. ಮಂಗಳವಾರ ಮನೆಯಲ್ಲಿರುತ್ತೇವೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ತಂಡಕ್ಕೆ ಒಂದು ಅಂಕದ ಗೆಲುವು, ಲ್ಯಾನಿಗೆ ಮುಂದಿನ ವರ್ಷದ ಫೀಸು, ನನಗೆ ಮೈದಾನದವರ ಬೈಗುಳ, ನಿನಗೆ ಆ ಫೀಸಿಗೆಂದು ದುಡಿಯುತ್ತಿದ್ದ ಭಾನುವಾರದ ಪಾಳಿಯಿಂದ ಬಿಡುಗಡೆ.

ನಿನ್ನಣ್ಣ,
ಡೆಲ್ಮರ್