ಎಲ್ಲ ಸರಿಯಿದೆ, ಓವರ್

ಬೆಟ್ಟದ ಮೇಲಿನ ವೈರ್‌ಲೆಸ್ ಠಾಣೆ
ಜನವರಿ ೧೭. ದಾರಿ ಇನ್ನೂ ಮುಚ್ಚಿದೆ. ಠಾಣೆಯಲ್ಲಿ ನಾನೊಬ್ಬನೇ.

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವ ಕೆಮ್ಮಿನ ಔಷಧಿ ಕುಡಿಯುತ್ತಿದ್ದಾರೋ, ಇಲ್ಲ ಬಾಟಲಿಯ ಮುಖ ನೋಡಿಯೇ ವಾಸಿಯಾಗುತ್ತದೆಂದು ಕಾಯುತ್ತಿದ್ದಾರೋ? ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ.

ಗುಡ್ಡ ಕುಸಿದು ರಸ್ತೆ ಹೋದಮೇಲೆ ಇಲ್ಲಿಗೆ ಬರುವುದು ತಂತಿಯ ಮೇಲೆ ತೂಗಾಡುವ ಸಾಮಾನಿನ ಬುಟ್ಟಿಯೊಂದೇ; ಈ ಕಾಗದವೂ ಅದರಲ್ಲೇ ಇಳಿಯುತ್ತದೆ. ಜೊತೆಗಿದ್ದವನು ಅದಕ್ಕೂ ಮೊದಲೇ ರಜೆಯ ಮೇಲೆ ಹೋಗಿದ್ದ. ನೀನು ಹೇಳಿದ್ದನ್ನೆಲ್ಲ ಮಾಡುತ್ತಿದ್ದೇನೆ. "ಯಾರೂ ನೋಡ್ದಿದ್ರೂ ಗಡ್ಡ ಮಾಡ್ಕೋ" ಎಂದಿದ್ದೆಯಲ್ಲ, ಮಾಡಿಕೊಳ್ಳುತ್ತೇನೆ. ಎದ್ದ ಕೂಡಲೇ ಹಾಸಿಗೆ ಮಡಚುತ್ತೇನೆ, ಬಿಸಿಲು ಬಂದರೆ ಹೊರಗೆ ಕೂರುತ್ತೇನೆ. ಆದರೂ ಕಾದಂಬರಿಯ ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಿರುವುದು ಪುಟದ ಕೊನೆಗೆ ಬಂದಾಗಲೇ ತಿಳಿಯುತ್ತದೆ. ನಿದ್ದೆ ಬರುತ್ತದೆ, ದಣಿವು ಹೋಗುವುದಿಲ್ಲ.

ದಿನಾ ಬೆಳಗ್ಗೆ ಕೆಳಗಿನ ಕಚೇರಿಯ ಆಪರೇಟರಮ್ಮ ಎಲ್ಲ ಬೆಟ್ಟಗಳ ಠಾಣೆಗಳನ್ನೂ ಸರದಿಯಂತೆ ಕರೆಯುತ್ತಾರೆ. "ಎಲ್ಲ ಸರಿಯಿದೆ, ಓವರ್" ಅನ್ನಬೇಕು. ಅದು ಯಂತ್ರದ ಕ್ಷೇಮ, ನಮ್ಮದಲ್ಲ. ಮೊನ್ನೆ ಹಾಗೆ ಹೇಳಿ, ಮೈಕನ್ನು ಕೊಕ್ಕೆಗೆ ಸಿಕ್ಕಿಸದೆ ಮೇಜಿನ ಮೇಲಿಟ್ಟು, ಅದರ ಮೇಲೆ ಕಾದಂಬರಿಯನ್ನಿಟ್ಟೆ. ಅದರ ಭಾರಕ್ಕೆ ಮೈಕಿನ ಮಾತಾಡುವ ಗುಂಡಿ ಒತ್ತಿಕೊಂಡೇ ಇತ್ತು. ಆಮೇಲೆ ಕೆಟಲ್ ಜೊತೆ ಮಾತಿಗೆ ಕೂತೆ. ಕುದಿಯುವಾಗ ಅದು ನಿನ್ನ ಹಾಗೇ ಗೊಣಗುತ್ತದೆ, ತಮಾಷೆಗೆಂದು ಅಕ್ಕಾ ಎಂದು ಕರೆಯತೊಡಗಿದ್ದೆ. ಅಂದು, "ಯಾಕಕ್ಕಾ, ನಿಂಗೂ ನನ್ ಮೇಲೆ ಸಿಟ್ಟಾ? ಒಂದು ಮಾತಾದ್ರೂ ಆಡು" ಎಂದು ಬೇಡಿಕೊಂಡೆನಂತೆ. ಅತ್ತೆನಂತೆ ಕೂಡ. ಗುಂಡಿ ಒತ್ತಿರುವಷ್ಟು ಹೊತ್ತು ಬೇರೆ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಎಲ್ಲ ಠಾಣೆಗಳೂ ಪೂರ್ತಿ ಕೇಳಬೇಕಾಯಿತು.

ಮರುದಿನ ಪಕ್ಕದ ಬೆಟ್ಟದ ಠಾಣೆಯವನು, ನಾವೆಲ್ಲ ಗೊರಕೆಯಣ್ಣ ಅನ್ನುವವನು, "ಏನಪ್ಪಾ, ಕೆಟಲಕ್ಕ ಮಾತು ಬಿಟ್ಟಿದ್ರಂತೆ, ರಾಜಿ ಆಯ್ತಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ನನ್ನ ನಗು ನನಗೇ ಅಪರಿಚಿತವಾಗಿ ಕೇಳಿಸಿತು. ನಗು ನಿಂತಮೇಲೆ ಅವನು ದನಿ ತಗ್ಗಿಸಿ, "ನಾನೂ ಬೂಟಿಗೆ ಗುಡ್‌ನೈಟ್ ಹೇಳಿ ಮಲಗೋನು ಕಣೋ" ಎಂದ. ಆಪರೇಟರಮ್ಮ ಮಾತ್ರ ನಕ್ಕಿರಲಿಲ್ಲ. "ಸೆಟ್ ಸರಿಯಿದೆ, ಗೊತ್ತಾಯ್ತು. ನೀವು ಹೇಗಿದ್ದೀರಿ? ಬಾಯಿಬಿಟ್ಟು ಹೇಳಿ, ಕಾಲುದಾರೀಲಿ ನಡೆಸ್ಕೊಂಡಾದ್ರೂ ಬದಲಿ ಜನಾನ ಕಳಿಸ್ತೀನಿ" ಎಂದರು.

ಎಲ್ಲ ಸರಿಯಿದೆ, ಓವರ್ ಎಂದುಬಿಟ್ಟೆ. ಹಿಂದೊಮ್ಮೆ ಹೀಗೆ ಬದಲಿ ಕೇಳಿಕೊಂಡು ಬೆಟ್ಟ ಇಳಿದವನನ್ನು ಕ್ಯಾಂಟೀನಿನಲ್ಲಿ ಇಂದಿಗೂ ಇಳಿದಣ್ಣ ಎಂದೇ ಕೂಗುತ್ತಾರೆ. ಬೆಟ್ಟದ ಕೆಲಸ ಅವನಿಗೆ ಮತ್ತೆ ಸಿಗಲಿಲ್ಲ. ನನಗೆ ಬರುವುದು ಈ ಕೆಲಸ, ಇಷ್ಟವೂ ಇದೇ.

ಭಾವನಿಗೆ ನಮಸ್ಕಾರ. ಮಕ್ಕಳ ತಲೆ ನೇವರಿಸಿ ಮಾಮ ಕೇಳಿದ ಎಂದು ಹೇಳು.

ನಿನ್ನ
ತಮ್ಮ

ಮರೆತೆ. ಬುಟ್ಟಿ ಹೊರಡುವುದರಲ್ಲಿದೆ. ಹಳೆಯ ಮಾತು ಮತ್ತೆ ಬಾಯಿಂದ ಜಾರದಿರಲೆಂದು ಒಂದು ಚೀಟಿಯಲ್ಲಿ "ಸೆಟ್ ಸರಿಯಿದೆ, ನಾನು ಸರಿಯಿಲ್ಲ, ಬದಲಿ ಕಳಿಸಿ" ಎಂದು ಬರೆದು ಮೈಕಿಗೆ ಅಂಟಿಸಿದ್ದೇನೆ. ನಿಮ್ಮ ಸಣ್ಣ ಕೋಣೆ ಖಾಲಿ ಮಾಡಿಡು. ಬಂದ ಹೊಸತರಲ್ಲಿ ನಾನು ಮಾತಾಡದಿದ್ದರೂ ನೀನು ಗೊಣಗುತ್ತಲೇ ಇರು. ನಾಳೆ ಕರೆ ಬಂದಾಗ ಚೀಟಿಯಲ್ಲಿರುವುದನ್ನೇ ಓದುತ್ತೇನೆ.