ನಿರೀಕ್ಷಾಳ ಹೆಸರು ಸೇರಿದ ದಿನ

ತನಿಯಣ್ಣಾ,

ನೀವು ತೀರಿಕೊಂಡು ಎರಡು ವರ್ಷವಾದರೂ ಇದನ್ನು ನಿಮಗೇ ಹೇಳಬೇಕು.

ಇಂದು ಸಿಡ್ನಿಯ ನಮ್ಮ ಲ್ಯಾಬಿನಲ್ಲಿ ಜಗಳವಾಯಿತು. ಕೈಕೊಟ್ಟ ಪ್ರಯೋಗವನ್ನು ದಾರಿಗೆ ತಂದವಳು ಟೆಕ್ನಿಷಿಯನ್ ನಿರೀಕ್ಷಾ. ಸಂಶೋಧನಾ ಲೇಖನದ ಲೇಖಕರ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ.

“ಅವ್ಳು ಸಂಬಳ ತಗೊಂಡಿಲ್ವಾ ಜಲಜಾ? ಕೊನೇಲಿ ಥ್ಯಾಂಕ್ಸ್ ಹಾಕಿದ್ರೆ ಸಾಕು,” ಅಂದರು ನಮ್ಮ ಮುಖ್ಯಸ್ಥ ಜೀವನ್.

“ನೀವೂ ತಗೊಂಡಿದ್ದೀರಲ್ಲ. ನಿಮ್ಮನ್ನೂ ಥ್ಯಾಂಕ್ಸಿಗೇ ಹಾಕೋಣ್ವಾ?” ಅಂದೆ.

ಅವಳ ಹೆಸರು ಸೇರುವವರೆಗೂ ಲೇಖಕರೆಲ್ಲ ಒಪ್ಪಿ ಸಹಿ ಮಾಡಬೇಕಾದ ಫಾರಂಗೆ ನಾನು ಸಹಿ ಹಾಕಲಿಲ್ಲ. ಸಂಜೆಗೆ ಸೇರಿತು. ನಿರೀಕ್ಷಾ ನನ್ನ ಕೈ ಹಿಡಿದು, “ನಿಮ್ಮಂಥೋರು ಎಲ್ಲಾ ಲ್ಯಾಬಲ್ಲೂ ಇರ್ಬೇಕು ಆಂಟಿ” ಅಂದಳು.

ಮೆಲ್ಬರ್ನಿನ ನನ್ನ ಹಳೇ ಲ್ಯಾಬಿನಲ್ಲಿ, ಟೆಕ್ನಿಷಿಯನ್ ಆಗಿದ್ದ ನಿಮ್ಮ ಮೂರು ವರ್ಷದ ದುಡಿಮೆಯಿಂದಲೇ ಆದ ಲೇಖನದ ಫಾರಂ ಬಂದಾಗ, ನಿಮ್ಮ ಹೆಸರಿಲ್ಲದಿರುವುದನ್ನು ನೋಡಿಯೂ ನಾನು ಸಹಿ ಹಾಕಿದೆ. ನಗುತ್ತಾ ಪೆನ್ನು ಕೊಟ್ಟಿದ್ದು ನೀವು.